ಇಳಿಜಾರು ಹುಡುಕುವ ಕಾರು

ತುಮಕೂರಿನ ಯಾವ ರಸ್ತೆ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ಕೇಳಿದರೆ ನನ್ನಷ್ಟು ಖಚಿತವಾಗಿ ಹೇಳುವವರು ಊರಿನಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ. ಕಣ್ಣಿಗೆ ಸಪಾಟಾಗಿ ಕಾಣುವ ಕಡೆಯೂ ಮಳೆನೀರು ಯಾವ ದಿಕ್ಕಿಗೆ ಹರಿಯುತ್ತದೆಂದು ನೋಡಿಟ್ಟುಕೊಂಡಿದ್ದೇನೆ. ಜಂಬಕ್ಕೆ ಹೇಳುತ್ತಿಲ್ಲ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸ್ಸು ಬರುವ ನಡುವಯಸ್ಸಿನ ಮನುಷ್ಯ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಕೊಂಡರೆ ಅವನಿಗೆ ಎಂಥ ಜ್ಞಾನ ಬರುತ್ತದೆ ಎಂಬುದಕ್ಕೆ ಹೇಳಿದೆ, ಅಷ್ಟೆ.

ಕಾರು ಇಂಗ್ಲೆಂಡಿನದು, ಕೆಂಪು ಬಣ್ಣದ್ದು, ವಯಸ್ಸಿನಲ್ಲಿ ನನಗಿಂತ ಹಿರಿಯದು. ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಖಾಲಿ ಚೀಲಗಳ ಕೆಳಗೆ ಮಲಗಿತ್ತು. ಅವರಿಗೆ ಗೋದಾಮಿನ ಜಾಗ ಬೇಕಾಗಿತ್ತು. ನನಗೆ ಏನು ಬೇಕಾಗಿತ್ತೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಬಿಸಿಲು ಹೆಚ್ಚಾದ ದಿನ ಸೀಟಿನಿಂದ ಈಗಲೂ ಕೊಬ್ಬರಿಯ ವಾಸನೆ ಬರುತ್ತದೆ. ಮನೆಗೆ ತಂದ ದಿನ ನನ್ನ ಹೆಂಡತಿ ಅದರ ಸುತ್ತ ಒಂದು ಸುತ್ತು ಬಂದು, "ಚೆನ್ನಾಗಿದೆ ರೀ. ಮಗಳು ಹಾಸ್ಟೆಲಿಂದ ಬಂದ್ರೆ ಎಲ್ಲಿ ಕೂರ್ತಾಳೆ, ಬಾನೆಟ್ ಮೇಲಾ?" ಎಂದು ಕೇಳಿ ಒಳಗೆ ಹೋದಳು.

ಗಾಡಿ ಓಡುವುದರಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನಿಲ್ಲಿಸಿದ ಮೇಲೆ ಮತ್ತೆ ಹೊರಡುವುದರಲ್ಲಿ. ಆ ಕಾಲದ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವುದಕ್ಕೆ ಡೈನಮೋ ಎಂಬ ಒಂದು ಕಬ್ಬಿಣದ ಉರುಳೆ ಇರುತ್ತದೆ. ಎಂಜಿನ್ ಜೋರಾಗಿ ತಿರುಗುತ್ತಿದ್ದರೆ ಮಾತ್ರ ಅದಕ್ಕೆ ದುಡಿಯುವ ಮನಸ್ಸು. ಸಿಗ್ನಲ್ಲಿನಲ್ಲಿ ನಿಂತರೆ, ಹಸುಗಳ ಹಿಂದೆ ನಿಧಾನಕ್ಕೆ ಹೋದರೆ ಅದು ಕೈಕಟ್ಟಿ ಕೂರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಹತ್ತಿಕೊಂಡು, ಈಗ ಖರ್ಚೆಲ್ಲ ಬ್ಯಾಟರಿಯದೇ ಎಂದು ನೆನಪಿಸುತ್ತದೆ. ನಮ್ಮ ಬಿ.ಎಚ್. ರಸ್ತೆಯಲ್ಲಿ ಎಂಜಿನ್ ಜೋರಾಗಿ ತಿರುಗಿಸಲು ಎಲ್ಲಿ ಜಾಗವಿದೆ? ಹೊಸ ಬ್ಯಾಟರಿ ಹಾಕಿಸಿದೆ. ಅದೂ ಸ್ವಲ್ಪ ದಿನದಲ್ಲೇ ಮಂಕಾಯಿತು. ಕೀ ತಿರುಗಿಸಿದರೆ ಎಂಜಿನ್ನಿನ ಬದಲು ಒಂದು ನಿಟ್ಟುಸಿರು ಕೇಳಿಸುತ್ತಿತ್ತು.

ಮೊದಲ ಸಲ ಹಾಗಾದದ್ದು ತರಕಾರಿ ಮಾರ್ಕೆಟ್ಟಿನ ಎದುರಿಗೆ. ಅಪರಿಚಿತರು ಬಂದು ತಳ್ಳಿದರು. ತಳ್ಳುವವರಲ್ಲಿ ಒಬ್ಬರು, "ಸಾರ್, ಶೂಟಿಂಗಾ? ಕ್ಯಾಮೆರಾ ಎಲ್ಲಿಟ್ಟಿದೀರಾ?" ಎಂದು ಕೇಳಿದರು. ಇನ್ನೊಬ್ಬರು, "ಸುಮ್ನಿರಪ್ಪ, ನಮ್ ಹುಡುಗಿಗೆ ಪಾಠ ಮಾಡೋ ಮೇಷ್ಟ್ರು ಅವ್ರು" ಎಂದರು. ಎರಡನೆಯ ಮಾತೇ ಹೆಚ್ಚು ಚುಚ್ಚಿತು. ಅವತ್ತಿನಿಂದ ಇಳಿಜಾರು ಇಲ್ಲದ ಕಡೆ ನಾನು ಗಾಡಿ ನಿಲ್ಲಿಸುವುದನ್ನೇ ಬಿಟ್ಟೆ. ಇಳಿಜಾರಿದ್ದರೆ ಯಾರ ಹಂಗೂ ಇಲ್ಲ. ಬ್ರೇಕು ಬಿಟ್ಟು, ಗಾಡಿ ತಾನಾಗಿ ಉರುಳಿದಾಗ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರೆ ಎಂಜಿನ್ ಎದ್ದು ಕೂರುತ್ತದೆ. ನೋಡಿದವರಿಗೆ ಅದೊಂದು ಸ್ಟೈಲಿನ ಹಾಗೆ ಕಾಣುತ್ತದೆ. "ಹಳೇ ಗಾಡಿಗೆ ಹೀಗೆ ಸ್ಟಾರ್ಟ್ ಮಾಡಿದ್ರೇನೇ ಒಳ್ಳೇದು, ಸೆಲ್ಫು ಬಾಳಿಕೆ ಬರುತ್ತೆ" ಎಂದು ಹೆಂಡತಿಗೆ ಹೇಳಿದೆ. ಗುಬ್ಬಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಅವಳು ಯಂತ್ರದ ವಿಷಯದಲ್ಲಿ ನನ್ನ ಮಾತನ್ನು ನಂಬಿದಳು.

ಹಾಗೆ ನನ್ನ ಬದುಕೇ ಇಳಿಜಾರಿನ ಮೇಲೆ ನಿಂತಿತು. ಚಟ್ನಿ ಹುಳಿ ಬಂದಿರುವ ಹೋಟೆಲಿಗೇ ಹೋಗತೊಡಗಿದೆ, ಅದರ ಮುಂದೆ ರಸ್ತೆ ಇಳಿಯುತ್ತಿತ್ತು. ಹಲ್ಲಿನ ಹಳೆಯ ಡಾಕ್ಟರನ್ನು ಬಿಟ್ಟು ಇಳಿಜಾರಿನ ಬೀದಿಯ ಹೊಸಬರನ್ನು ಹಿಡಿದೆ. ಭಾನುವಾರದ ಸುತ್ತಾಟಕ್ಕೆ ದೇವರಾಯನದುರ್ಗದ ಬೆಟ್ಟಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಎಲ್ಲಿ ನಿಲ್ಲಿಸಿದರೂ ಇಳಿಜಾರೇ. ವಾರ ವಾರವೂ ಕಾಣಿಸಿಕೊಳ್ಳುವ ನನ್ನನ್ನು ಅಲ್ಲಿನ ಅರ್ಚಕರು ಮಹಾ ಭಕ್ತನೆಂದು ತಿಳಿದು, ಸಾಲಿನಲ್ಲಿದ್ದವರ ಮುಂದೆ ನನ್ನನ್ನು ಕರೆದು ಹಾರ ಹಾಕಿದರು. ಕತ್ತು ಬಗ್ಗಿಸಿ ಹಾಕಿಸಿಕೊಂಡೆ. ಬೇರೆ ಏನು ಮಾಡಬಹುದಿತ್ತು?

ಇಷ್ಟಕ್ಕೇ ಮುಗಿದಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಹೆಂಡತಿಯ ತವರು ಕುಣಿಗಲ್ಲು.

ಅವಳಿಗೆ ಅಲ್ಲಿ ಒಬ್ಬ ಅಣ್ಣ, ಒಬ್ಬ ತಮ್ಮ. ಪಾಲಾದ ಮೇಲೆ ಅವರಿಬ್ಬರ ನಡುವೆ ಜಗಳವೇನೂ ಇಲ್ಲ, ಆದರೆ ಯಾರು ಯಾರ ಮನೆಗೆ ಎಷ್ಟು ಸಲ ಹೋದರು ಎಂಬುದರ ಮೇಲೆ ಇಬ್ಬರಿಗೂ ಒಂದು ಕಣ್ಣು. ಅಣ್ಣನದು ದಿಬ್ಬದ ಮೇಲಿನ ಹಳೆಯ ಮನೆ. ಮುಂದಿನ ಬೀದಿ ನನ್ನ ಗಾಡಿಗೆಂದೇ ಮಾಡಿಸಿದ ಹಾಗೆ ಇಳಿಯುತ್ತದೆ. ತಮ್ಮನದು ಅದನ್ನು ದಾಟಿ ಕೆಳಗೆ, ಕೆರೆಯ ಕಡೆಯ ಹೊಸ ಬಡಾವಣೆಯಲ್ಲಿ. ಅಲ್ಲಿ ಗೋಲಿ ಇಟ್ಟರೆ ಗೋಲಿಯೂ ಉರುಳುವುದಿಲ್ಲ.

ಗೌರಿ ಹಬ್ಬಕ್ಕೆ, ಯುಗಾದಿಗೆ, ಯಾವುದಕ್ಕೆ ಹೋದರೂ ನನ್ನ ಗಾಡಿ ಅಣ್ಣನ ಮನೆಯ ಮುಂದೆ ನಿಲ್ಲುತ್ತಿತ್ತು. ಹೆಂಡತಿ ಬಾಗಿನ ತೆಗೆದುಕೊಳ್ಳಲು ತಮ್ಮನ ಮನೆಗೆ ನಡೆದು ಹೋಗುವಳು. ನಾನೂ ನಡೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೇಲೆ ಮುಚ್ಚಳವಿಲ್ಲದ ಗಾಡಿ. ಬೀದಿಯಲ್ಲಿ ಹೋಗುವವರೆಲ್ಲ ಒಮ್ಮೆ ಕೈ ಹಾಕಿ ಹಾರ್ನ್ ಒತ್ತುವವರೇ, ಲೈಟ್ ಹಾಕಿ ನೋಡುವವರೇ. ಉಳಿದಿದ್ದ ಚೂರುಪಾರು ಚಾರ್ಜೂ ಹೋದರೆ ಉರುಳಿಸಿದರೂ ಏಳದು ಎಂಬ ಭಯ. ಅದಕ್ಕೇ ಅಣ್ಣನ ಮನೆಯ ಜಗಲಿಯ ಮೇಲೆ ಕಾವಲು ಕೂರುತ್ತಿದ್ದೆ. "ಮಂಡಿ ನೋವು, ನೀನು ಹೋಗಿ ಬಾ" ಎನ್ನುತ್ತಿದ್ದೆ. ಅಣ್ಣ ಕಾಫಿ ತರಿಸುವರು, ಊಟಕ್ಕೆ ಏಳಿಸುವರು, ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿಸುವರು. "ಭಾವನಿಗೆ ನಮ್ಮ ಮನೆ ಅಂದ್ರೆ ಒಂಥರಾ ಅಭಿಮಾನ" ಎಂದು ಬಂದವರಿಗೆ ಹೇಳಿಕೊಳ್ಳುವರು. ನಾನು ನಗುತ್ತಿದ್ದೆ. ಒಂದು ಕಣ್ಣು ಗಾಡಿಯ ಮೇಲೆ.

ಕಳೆದ ವರ್ಷ ಒಂದು ಸಂಜೆ ಹೆಂಡತಿ ಗುಬ್ಬಿಯಿಂದ ಬಂದವಳು ಚಪ್ಪಲಿ ಬಿಡುತ್ತಲೇ, "ತಮ್ಮ ಸ್ಕೂಲಿಗೆ ಬಂದಿದ್ದ" ಎಂದಳು. ಹಣೆಯ ಮೇಲೆ ಬೆಳಗ್ಗೆ ಇಲ್ಲದಿದ್ದ ಕುಂಕುಮ ಇತ್ತು.

"ಸ್ಕೂಲಿಗಾ? ಮನೆಗೇ ಬರ್ಬೋದಿತ್ತಲ್ಲ?"

"ಅವನ ಮಗಳ ನಿಶ್ಚಿತಾರ್ಥಕ್ಕೆ ಕರೆಯೋಕೆ. ಸ್ಟಾಫ್ ರೂಮ್ ಬಾಗಿಲಲ್ಲೇ ಕುಂಕುಮ ಇಟ್ಟು, ವೀಳ್ಯ ಕೊಟ್ಟು ಕರೆದ."

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಮಗಳ ಶುಭಕಾರ್ಯಕ್ಕೆ ಅಕ್ಕ ಭಾವನನ್ನು ಕರೆಯಬೇಕಾದರೆ ಅವರ ಮನೆ ಹೊಸಿಲು ತುಳಿದು, ಇಬ್ಬರನ್ನೂ ಕೂರಿಸಿ ಅಕ್ಷತೆ ಕೊಟ್ಟು ಕರೆಯಬೇಕು. ದಾರಿಯಲ್ಲಿ ಅಕ್ಕನನ್ನು ಮಾತ್ರ ಕರೆದು ಹೋದರೆ, ಭಾವನನ್ನು ಕರೆದಿಲ್ಲ ಎಂದೇ ಅರ್ಥ.

"ನನ್ನನ್ನ?" ಎಂದೆ.

"ಕೇಳ್ದೆ. 'ಭಾವ ನಮ್ ಮನೆ ಬಾಗ್ಲಿಗೆ ಬಂದ್ರೆ ತಾನೇ ಅಕ್ಕ ನಾನವ್ರ ಬಾಗ್ಲಿಗೆ ಬರೋದು? ಅವ್ರ ಗಾಡಿ ಅಣ್ಣನ ಮನೆ ದಾಟಿ ಒಂದ್ ದಿನಾನಾರ ಕೆಳಕ್ಕೆ ಬಂದೈತಾ? ಇರೋರ ಮನೆ ಜಗಲಿ ಚೆಂದ, ಬುಡು' ಅಂದ." ಅವಳು ಚಪ್ಪಲಿ ಜೋಡಿಸಿಡುತ್ತ, "ನನಗೂ ಹಾಗೇ ಅನ್ನಿಸ್ತಿತ್ತು ರೀ. ಹೇಳಿರ್ಲಿಲ್ಲ, ಅಷ್ಟೆ" ಎಂದಳು.

ನಾನು ಆಗ ಎಲ್ಲವನ್ನೂ ಬಿಡಿಸಿ ಹೇಳಿದೆ. ಡೈನಮೋ, ಕೆಂಪು ದೀಪ, ಸೆಕೆಂಡ್ ಗೇರು. ಹೇಳುತ್ತ ಹೇಳುತ್ತ ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು. ಅವಳು ನಗಲಿಲ್ಲ, ಬಯ್ಯಲೂ ಇಲ್ಲ.

"ಹಾಗಾದ್ರೆ ಇದನ್ನೇ ಹೋಗಿ ಅವನಿಗೆ ಹೇಳಿ. ಬಸ್ಸಲ್ಲಿ ಹೋಗೋಣ ನಡೀರಿ."

"ಬಸ್ಸಲ್ಲಿ ಹೋದ್ರೆ, ದೊಡ್ಡೋರ ಮನೆಗೆ ಕಾರು, ನಮ್ಮನೆಗೆ ಬಸ್ಸು ಅಂತಾನೆ."

ಅವಳು ಯೋಚಿಸಿ ತಲೆಯಾಡಿಸಿದಳು. ತಮ್ಮ ಅವಳವನು, ಅವಳಿಗೆ ಗೊತ್ತು. ಗಾಡಿಯೇ ಹೋಗಬೇಕು, ಆ ಬಾಗಿಲಿನ ಮುಂದೆಯೇ ನಿಲ್ಲಬೇಕು, ಆಫ್ ಆಗಬೇಕು. ನಿಶ್ಚಿತಾರ್ಥಕ್ಕೆ ಮೊದಲು. ಇಲ್ಲದಿದ್ದರೆ ಅವತ್ತು ಇಡೀ ಬಳಗದ ಮುಂದೆ ಅವಳು ಒಬ್ಬಳೇ ಹೋಗಿ ಕೂರಬೇಕು. ಆಮೇಲೆ ಇಂಥದ್ದನ್ನು ಯಾರೂ ಸರಿಮಾಡಲಾರರು; ಇನ್ನು ಮುಂದಿನ ಮದುವೆ, ನಾಮಕರಣ ಎಲ್ಲಕ್ಕೂ ಅದೇ ರೂಢಿಯಾಗಿಬಿಡುತ್ತದೆ.

ನಮ್ಮೂರಿನ ಗುಬ್ಬಿ ಗೇಟಿನ ಹತ್ತಿರ ಒಬ್ಬರು ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ದೊಡ್ಡ ಗಂಟಲು, ಅಂಗಡಿಯ ಮುಂದೆ ಸದಾ ನಾಲ್ಕು ಜನ. ಬಾನೆಟ್ ಎತ್ತಿದ ಕೂಡಲೇ ಅವರು ಅಂಗಡಿಗೆಲ್ಲ ಕೇಳಿಸುವಂತೆ, "ಡೈನಮೋ! ನೋಡ್ಕಳ್ರಪ್ಪ, ಇನ್ಮೇಲೆ ಸಿಗಕ್ಕಿಲ್ಲ" ಎಂದರು.

"ಇದನ್ನ ತೆಗೆದು ಈಗಿನ ಗಾಡಿಗಳ ಆಲ್ಟರ್ನೇಟರ್ ಹಾಕ್ಬೋದಾ?"

"ಹಾಕ್ಬೋದಾ ಅಂತ ಕೇಳ್ತೀರಲ್ಲ ಸಾರ್! ಟ್ರಾಕ್ಟರಿಗೆ ಹಾಕಿದೀನಿ, ಬೋರ್‌ವೆಲ್ ಲಾರಿಗೆ ಹಾಕಿದೀನಿ, ಆರ್ಕೆಸ್ಟ್ರಾದೋರ ವ್ಯಾನಿಗೆ ಹಾಕಿದೀನಿ. ಗಾಡಿ ನಿಂತಿದ್ರೂ ಐಡ್ಲಿಂಗಲ್ಲೇ ಚಾರ್ಜ್ ಕುಡಿಸ್ತದೆ. ನೀವು ಸುಮ್ನೆ ಕೂತ್ಕಳಿ."

ಸುಮ್ಮನೆ ಕೂತುಕೊಳ್ಳುವುದೇ ನನ್ನ ಕೈಲಾಗದ ಕೆಲಸ. ಗುಜರಿಯಿಂದ ಒಂದು ಸಣ್ಣ ವ್ಯಾನಿನ ಆಲ್ಟರ್ನೇಟರ್ ಬಂತು. ಅದು ಡೈನಮೋಗಿಂತ ಕುಳ್ಳು, ದಪ್ಪ. ಹಳೆಯ ಜಾಗಕ್ಕೆ ಕೂರದು. ಲೇತ್ ಅಂಗಡಿಯಲ್ಲಿ ಹೊಸ ಬ್ರಾಕೆಟ್ ಮಾಡಿಸಿದರು, ಪುಲ್ಲಿ ಬದಲಾಯಿಸಿದರು, ಬ್ಯಾಟರಿಯವರೆಗೆ ದಪ್ಪನೆಯ ಹೊಸ ವೈರು ಎಳೆದರು. ಮಂಕಾಗಿದ್ದ ಬ್ಯಾಟರಿಯನ್ನು ಅಂಗಡಿಯಲ್ಲೇ ಚಾರ್ಜಿಗೆ ಹಾಕಿಟ್ಟಿದ್ದರು. ಬಾನೆಟ್ಟಿನ ಒಳಗೋಡೆಯ ಮೇಲೆ, ಡೈನಮೋವನ್ನು ಹತೋಟಿಯಲ್ಲಿಡಲು ಒಂದು ಕಪ್ಪು ಡಬ್ಬ ಇತ್ತು. ಹೊಸದಕ್ಕೆ ಅದರ ಕೆಲಸವಿಲ್ಲ. "ತೆಗೆದ್ರೆ ಜಾಗ ಬೋಳಾಗಿ ಕಾಣ್ತದೆ ಸಾರ್, ಒಳಗಡೆ ಖಾಲಿ ಮಾಡಿ ಹಂಗೇ ಬಿಡ್ತೀನಿ" ಎಂದರು. ಒಳಗೆ ಏನೂ ಇಲ್ಲದೆ ಹೊರಗೆ ಗತ್ತಿನಿಂದ ಕೂತ ಆ ಡಬ್ಬವನ್ನು ಕಂಡರೆ ನನಗೆ ಒಂದು ಬಗೆಯ ಬಂಧುತ್ವ.

ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಈಗಿನ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ಸನ್ನು ಗಾಡಿಯ ಕಬ್ಬಿಣದ ಬಾಡಿಗೆ ಕಟ್ಟಿರುತ್ತಾರೆ. ನನ್ನದು ಆ ಕಾಲದ್ದು, ಪ್ಲಸ್ಸು ಬಾಡಿಗಿತ್ತು. ಡೈನಮೋಗೆ ಅದು ನಡೆಯುತ್ತದೆ. ಆಲ್ಟರ್ನೇಟರಿಗೆ ಹಾಗೇ ಕೊಟ್ಟರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸುಟ್ಟುಹೋಗುತ್ತದೆ. ಹೆದರಿಕೆಗೆ ನಾನು ಇದನ್ನೆಲ್ಲ ಓದಿಕೊಂಡು ಹೋಗಿದ್ದೆ. ಆದರೆ ಅವರ ಅಂಗಡಿ, ಅವರ ಜನ; ಎಲ್ಲರ ಮುಂದೆ ನಾನು ತಿದ್ದಿದರೆ ಅವರಿಗೆ ಹೇಗನ್ನಿಸುತ್ತದೋ ಎಂದು, "ಕೆಲವು ಗಾಡೀಲಿ ಪ್ಲಸ್ಸು ಬಾಡಿಗೆ ಇರುತ್ತಂತೆ, ಅಲ್ವಾ?" ಎಂದು ಗಾಳಿಗೆ ಹೇಳಿದ ಹಾಗೆ ಹೇಳಿದೆ. "ಇರ್ತದೆ ಇರ್ತದೆ, ನಾನಾ ಥರ ಇರ್ತದೆ" ಎಂದು ಅವರು ಟೀ ಕುಡಿದರು. ಮಾತು ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಲು ಸಂಕೋಚ. ಬ್ಯಾಟರಿಯನ್ನು ಹಳೆಯ ಹಾಗೆಯೇ ಇಟ್ಟು ಅವರು ಕೊನೆಯ ಕ್ಲಿಪ್ಪನ್ನು ತಂದು ಇನ್ನೇನು ಮುಟ್ಟಿಸಬೇಕು, ನನ್ನ ಬಾಯಿಂದ "ಬೇಡಾ!" ಎಂಬ ಕೂಗು ಹೊರಟಿತು. ರಸ್ತೆಯ ಆಚೆಗಿನ ಪಂಕ್ಚರ್ ಅಂಗಡಿಯವರೂ ಎದ್ದು ನಿಂತರು.

ಎಲೆಕ್ಟ್ರಿಷಿಯನ್ ಬಗ್ಗಿ ನೋಡಿದರು. ಕ್ಲಿಪ್ಪನ್ನು ನಿಧಾನಕ್ಕೆ ಕೆಳಗಿಟ್ಟರು.

"ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

"ಮೊದ್ಲೇ ಹೇಳ್ಬಾರ್ದಾ ಸಾರ್? ಬಾಯಿಲ್ವಾ ನಿಮ್ಗೆ?"

ಅವರು ಕೋಪದಿಂದ ಹೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದು ಕೇಳಿದರು. ಗಾಡಿಯನ್ನು ಉಳಿಸಿದವನು ನಾನೇ, ಆದರೂ ತಲೆ ತಗ್ಗಿಸಿ ನಿಂತವನೂ ನಾನೇ.

ಬ್ಯಾಟರಿ ತಿರುಗಿಸಿಟ್ಟು, ಇಗ್ನಿಷನ್ ಕಾಯಿಲಿನ ವೈರು ಅದಲು ಬದಲು ಮಾಡಿ, ಕೀ ತಿರುಗಿಸಿದರು. ನಿಟ್ಟುಸಿರಿಲ್ಲ. ಎಂಜಿನ್ ಒಂದೇ ಏಟಿಗೆ ಎದ್ದಿತು. ಗಾಡಿ ಅಲ್ಲಾಡದೆ ನಿಂತಿದ್ದರೂ ಕೆಂಪು ದೀಪ ಆರಿತು. ನಾನು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಮತ್ತೆ ಆಫ್ ಮಾಡಿದೆ. "ಸಾಕು ಬುಡಿ ಸಾರ್, ಗಾಡಿಗೆ ತಲೆ ತಿರುಗ್ತದೆ" ಎಂದರು ಯಾರೋ. ಕಳಚಿದ ಡೈನಮೋವನ್ನು ಗೋಣಿತಾಟಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಂಡೆ. ಹೊಸದು ಕೈಕೊಟ್ಟರೆ ದಾರಿಯಲ್ಲಿ ಹಳೆಯದನ್ನು ನಾನೇ ಕೂರಿಸುತ್ತೇನೆ ಅಂತೇನೂ ಅಲ್ಲ. ಇರಲಿ ಅಂತ.

ಮರು ಭಾನುವಾರ ಹೆಂಡತಿಯೂ ನಾನೂ ಕುಣಿಗಲ್ಲಿಗೆ ಹೊರಟೆವು. ಹೆಬ್ಬೂರು ದಾಟುವವರೆಗೂ ನಾನು ರಸ್ತೆಗಿಂತ ಹೆಚ್ಚಾಗಿ ಕೆಂಪು ದೀಪವನ್ನೇ ನೋಡುತ್ತಿದ್ದೆ. ಅದು ಹತ್ತಲಿಲ್ಲ. ಹತ್ತದಿದ್ದರೆ ದೀಪವೇ ಕೆಟ್ಟಿರಬಹುದಲ್ಲ ಎಂಬ ಯೋಚನೆ ಬಂತು. ಹೆಂಡತಿ ನನ್ನ ಮುಖ ನೋಡಿ, "ಏನೂ ಕೆಟ್ಟಿಲ್ಲ, ನಡೀರಿ" ಎಂದಳು. ಏನು ಎಂದು ಅವಳು ಕೇಳಲೂ ಇಲ್ಲ.

ಕುಣಿಗಲ್ಲಿನಲ್ಲಿ ದಿಬ್ಬದ ಬೀದಿಗೆ ತಿರುಗಿದೊಡನೆ ನನ್ನ ಕಾಲು ರೂಢಿಯಿಂದ ಬ್ರೇಕಿನ ಮೇಲೆ ಹೋಯಿತು. ಅಣ್ಣ ಜಗಲಿಯ ಮೇಲೆ ಪೇಪರ್ ಓದುತ್ತಿದ್ದವರು ಎದ್ದು ನಿಂತು, "ಬರ್ಬೇಕು ಬರ್ಬೇಕು" ಎಂದು ಕೈ ಚಾಚಿದರು. ಒಳಗೆ ತಿರುಗಿ ಕಾಫಿಗೂ ಹೇಳಿದರು.

"ನಿಲ್ಲಿಸ್ಬೇಡಿ" ಎಂದಳು ಹೆಂಡತಿ ಹಲ್ಲು ಕಚ್ಚಿ. "ಹಾರ್ನ್ ಮಾಡಿ, ಕೈ ತೋರ್ಸಿ, ನಡೀರಿ."

ನಾನು ಹಾರ್ನ್ ಮಾಡಿದೆ. ಎಷ್ಟು ಖರ್ಚಾಯಿತು ಎಂದು ಲೆಕ್ಕ ಹಾಕದೆ ಆ ಗಾಡಿಯಲ್ಲಿ ಹಾರ್ನ್ ಒತ್ತಿದ್ದು ಅದೇ ಮೊದಲು. ಅಣ್ಣನ ಕೈ ಚಾಚಿದಲ್ಲೇ ಉಳಿಯಿತು. ಕನ್ನಡಿಯಲ್ಲಿ ಅವರು ಸಣ್ಣದಾಗುತ್ತ ಹೋಗುವುದನ್ನು ನೋಡಿದೆ.

ತಮ್ಮನ ಮನೆಯ ಮುಂದೆ ನಿಲ್ಲಿಸಿ ಆಫ್ ಮಾಡಿದೆ. ಅವನು ಮನೆ ಮುಂದೆ ಸ್ಕೂಟರ್ ತೊಳೆಯುತ್ತಿದ್ದ. ಮಗ್ಗು ಕೈಯಲ್ಲೇ ಇತ್ತು. ನೀರೆಲ್ಲ ಅದರಿಂದ ಕೆಳಗೆ ಹೋಯಿತು.

"ಬಾ ಅಕ್ಕ" ಎಂದ. ಆಮೇಲೆ ನನ್ನ ಕಡೆ ನೋಡದೆ ಗಾಡಿಯ ಕಡೆ ನೋಡಿ, "ದಾರಿ ತಪ್ತಾ ಭಾವ? ಅಣ್ಣನ ಮನೆ ಮೇಲ್ಗಡೆ ಬೀದಿ" ಎಂದ.

ಅವನ ಹೆಂಡತಿ ಓಡಿ ಬಂದು ಕಾಲಿಗೆ ನೀರು ಕೊಟ್ಟರು. ಒಳಗೆ ಕೂತೆವು. ಫ್ಯಾನು ತಿರುಗುತ್ತಿತ್ತು. 'ಬಾಯಿಲ್ವಾ ನಿಮ್ಗೆ' ಎಂದು ಕೇಳಿಸಿಕೊಂಡು ಇನ್ನೂ ಒಂದು ವಾರವಾಗಿತ್ತಷ್ಟೆ. ನಾನು ಬಾಯಿ ತೆರೆದೆ. ನೆಲ ನೋಡಿಕೊಂಡೇ, ಅಣ್ಣನ ಮನೆಯ ಮುಂದೆ ಇಳಿಜಾರಿದೆ, ನಿನ್ನ ಮನೆಯ ಮುಂದೆ ಇಲ್ಲ, ಅದಕ್ಕೇ ಬರುತ್ತಿರಲಿಲ್ಲ, ಬೇರೇನೂ ಇಲ್ಲ ಎಂದು ಹೇಳಿ ಮುಗಿಸಿದೆ.

"ಅಂದ್ರೆ, ಗಾಡಿ ಇಲ್ಲಿ ನಿಂತ್ರೆ ಏನಾಗ್ತಿತ್ತು?" ಎಂದ.

"ಸ್ಟಾರ್ಟ್ ಆಗ್ತಿರ್ಲಿಲ್ಲ. ತಳ್ಳಬೇಕಾಗ್ತಿತ್ತು."

"ತಳ್ಳಕ್ಕೆ ನಾನಿರ್ಲಿಲ್ವಾ ಭಾವ?"

ಇದಕ್ಕೆ ನಾನು ತಯಾರಾಗಿ ಬಂದಿರಲಿಲ್ಲ. ಅವನು ನಂಬದೆ ಇರಬಹುದು, ನಗಬಹುದು, ಎದ್ದು ಹೋಗಬಹುದು, ಎಲ್ಲಕ್ಕೂ ದಾರಿಯಲ್ಲಿ ಉತ್ತರ ಜೋಡಿಸಿಕೊಂಡಿದ್ದೆ.

"ಈ ಬೀದಿ ಪೂರ್ತಿ ಬರ್ತಿತ್ತು" ಎಂದ. "ನಮ್ ಭಾವನ ಗಾಡಿ ತಳ್ಳಕ್ಕೆ ನನಗೇನ್ ನಾಚ್ಕೆ? ನಿಮ್ಗೆ ನಾಚ್ಕೆ. ನಮ್ ಕೈಲಿ ತಳ್ಳಿಸ್ಕೊಳಕ್ಕೆ."

ಅಡಿಗೆಮನೆಯ ಬಾಗಿಲಿನಿಂದ ಅವನ ಹೆಂಡತಿ ಮೆಲ್ಲಗೆ, "ಗೌರಿ ಹಬ್ಬಕ್ಕೆ ನಿಮ್ಗೆ ಅಂತ ಒಬ್ಬಟ್ಟು ಎತ್ತಿಡ್ತಿದ್ದೆ. ನೀವು ಬರ್ಲಿಲ್ಲ ಅಂತ ಇವ್ರೂ ಮುಟ್ತಿರ್ಲಿಲ್ಲ" ಎಂದರು. ನಾನು ಅಣ್ಣನ ಮನೆಯಲ್ಲಿ ಎರಡನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಈ ಮನೆಯಲ್ಲಿ ಮುಚ್ಚಿಟ್ಟ ಒಂದು ತಟ್ಟೆ ನನಗಾಗಿ ಕಾಯುತ್ತಿತ್ತು. ಗಾಡಿಯ ಬಗ್ಗೆ ಅಷ್ಟೊಂದು ಚಿಂತೆ ಮಾಡಿದವನಿಗೆ ಇದೊಂದು ಹೊಳೆದಿರಲಿಲ್ಲ. ಆಲ್ಟರ್ನೇಟರ್ ಹಾಕಿಸಿದ್ದೇನೆ, ಈಗ ಸರಿಯಾಗಿದೆ ಎಂದು ಹೇಳುವ ಸುದ್ದಿಯೇ ನನ್ನ ಬಾಯಿಗೆ ಬರಲಿಲ್ಲ.

ಅದು ತಪ್ಪಾಯಿತು.

ಹೊರಡುವವರೆಗೂ ನಿಶ್ಚಿತಾರ್ಥದ ಮಾತು ಬಂದಿರಲಿಲ್ಲ, ಕುಂಕುಮದ ಬಟ್ಟಲು ಹೊರಗೆ ಬಂದಿರಲಿಲ್ಲ. ಆದರೆ ನಾವು ಗಾಡಿಯಲ್ಲಿ ಕೂರುತ್ತಿದ್ದ ಹಾಗೇ ತಮ್ಮ ಎದುರು ಮನೆಯವರನ್ನು, ಪಕ್ಕದ ಮನೆಯವರನ್ನು ಕೂಗಿದ. "ಬನ್ರೋ, ನಮ್ ಭಾವನ ಗಾಡಿಗೆ ಒಂದ್ ಕೈ ಹಾಕ್ರೋ!" ಪಂಚೆ ಎತ್ತಿ ಕಟ್ಟಿ ನಾಲ್ಕೈದು ಜನ ಬಂದರು. ಎಲ್ಲರೂ ಡಿಕ್ಕಿಯ ಮೇಲೆ ಕೈ ಇಟ್ಟು ಬಗ್ಗಿದರು. ಇಷ್ಟು ಜನರ ಮುಂದೆ ಏನು ಹೇಳುವುದೆಂದು ತೋಚದೆ ನಾನು ಕೀ ತಿರುಗಿಸಿಬಿಟ್ಟೆ. ಎಂಜಿನ್ ಆ ಕ್ಷಣವೇ ಎದ್ದು ಗುಡುಗಿತು.

"ಏ, 'ಟಕ್' ಅಂತ ಬಂತಲ್ಲೋ! ತಮಾಸೆಗೆ ಕರೆದ್ಯಾ?" ಎಂದರು ಎದುರು ಮನೆಯವರು.

ತಮ್ಮ ನನ್ನ ಪಕ್ಕಕ್ಕೆ ಬಂದು ನಿಂತ. ಸ್ವಲ್ಪ ಹೊತ್ತಿನ ಹಿಂದೆ ಸಡಿಲಗೊಂಡಿದ್ದ ಅವನ ಮುಖ ಮತ್ತೆ ಬಿಗಿಯಾಗಿತ್ತು.

"ಚೆನ್ನಾಗೇ ಐತಲ್ಲ ಭಾವ ಗಾಡಿ," ಎಂದ. "ಇಳಿಜಾರು, ಬ್ಯಾಟ್ರಿ ಅಂತೆಲ್ಲ ಕತೆ ಯಾಕೆ? ಬರಕ್ಕೆ ಇಷ್ಟ ಇರ್ಲಿಲ್ಲ ಅಂದಿದ್ರೆ ಆಗೋದು."

ಗಾಡಿ ಸ್ಟಾರ್ಟ್ ಆಗದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ನಾನು ಬಯಸಿದ್ದು ಆವತ್ತೊಂದೇ ದಿನ. ಹೆಂಡತಿ ನನ್ನ ಮೊಣಕೈಗೆ ತಿವಿದಳು. ನಾನು ಎಂಜಿನ್ ಆಫ್ ಮಾಡಿ ಇಳಿದೆ. ಬಾನೆಟ್ ಎತ್ತಿದೆ. ಹೊಳೆಯುವ ಆಲ್ಟರ್ನೇಟರನ್ನೂ ಹೊಸ ಬ್ರಾಕೆಟ್ಟನ್ನೂ ತೋರಿಸಿದೆ. ಖಾಲಿ ಡಬ್ಬದ ಮುಚ್ಚಳ ತೆಗೆದು ಒಳಗೆ ಏನೂ ಇಲ್ಲವೆಂದು ತೋರಿಸಿದೆ. ತಳ್ಳಲು ಬಂದವರೆಲ್ಲ ಸುತ್ತ ನಿಂತು ಇಣುಕಿದರು. ಕೊನೆಗೆ ಡಿಕ್ಕಿ ತೆಗೆದು, ಗೋಣಿತಾಟನ್ನು ಬಿಚ್ಚಿ, ಡೈನಮೋವನ್ನು ತಮ್ಮನ ಎರಡೂ ಕೈಗಳಲ್ಲಿ ಇಟ್ಟೆ.

ಭಾರಕ್ಕೆ ಅವನ ಕೈ ಒಮ್ಮೆ ಕೆಳಗಿಳಿಯಿತು. ಅದನ್ನು ತಿರುಗಿಸಿ ನೋಡಿದ.

"ಇದಾ?"

"ಇದೇ."

"ಇದಕ್ಕೋಸ್ಕರಾನಾ ನೀವು ಅಷ್ಟು ದಿನ ಅಲ್ಲಿ ಕುಂತಿದ್ದು?"

"ಹೂಂ."

"ನಮ್ಮನೆಗೆ ಬರಕ್ಕೆ ಅಂತ ಇದನ್ನ ಬಿಚ್ಚಿಸಿದ್ರಾ?"

ನಾನು ಗೋಣಿತಾಟನ್ನು ಮಡಿಸತೊಡಗಿದೆ. ಹೆಂಡತಿ ಗಾಡಿಯಲ್ಲಿ ಕೂತೇ, "ಹೂಂ ಕಣೋ" ಎಂದಳು. ಎದುರು ಮನೆಯವರು, "ಅಯ್ಯೋ ಮೇಷ್ಟ್ರೇ, ಒಂದ್ ಮಾತು ಹೇಳಿದ್ರೆ ಬೀದಿಗೇ ಮಣ್ಣು ಹಾಕಿಸಿ ಇಳಿಜಾರು ಮಾಡ್ತಿದ್ವಲ್ಲ" ಎಂದರು. ಯಾರೋ ನಕ್ಕರು. ತಮ್ಮ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಡೈನಮೋವನ್ನು ಎದೆಗೆ ಒತ್ತಿಕೊಂಡು ಭುಜ ಕುಣಿಯುವಂತೆ ನಗತೊಡಗಿದ. ನಕ್ಕು ಸುಸ್ತಾಗಿ, "ಏ ಇವಳೇ, ಕುಂಕುಮ ಅಕ್ಷತೆ ತಗಂಬಾ" ಎಂದು ಒಳಗೆ ಕೂಗಿದ. ಮನೆಗೆ ಬಂದೇ ಕರೆಯುತ್ತೇನೆ, ಆದರೂ ಈಗಲೇ ಒಂದು ಸಲ ಇರಲಿ ಎಂದು ಬೀದಿಯಲ್ಲೇ ನನ್ನ ಹಣೆಗೆ ಕುಂಕುಮ ಇಟ್ಟ. ಬೆರಳಿನ ಗ್ರೀಸೂ ಅದರ ಜೊತೆಗೆ ಬಂತು. ತುಮಕೂರಿನವರೆಗೆ ನಾನು ಅದನ್ನು ಒರೆಸಿಕೊಳ್ಳಲಿಲ್ಲ.

ನಿಶ್ಚಿತಾರ್ಥದ ದಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಗಂಡಿನ ಕಡೆಯವರು ಚೇಳೂರಿನಿಂದ ವ್ಯಾನು ಮಾಡಿಕೊಂಡು ಬಂದಿದ್ದರು. ಹಿರಿಯರೆಲ್ಲ ಚಾಪೆಯ ಮೇಲೆ ಕೂತು ಪರಿಚಯ ನಡೆಯುತ್ತಿತ್ತು. ನಾನು ಆದಷ್ಟು ಹಿಂದೆ ಕಂಬದ ಮರೆಯಲ್ಲಿದ್ದೆ. ತಮ್ಮ ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ಮುಂದೆ ಕೂರಿಸಿದ.

"ಇವ್ರು ನಮ್ ಭಾವ," ಎಂದ, ಚೇಳೂರಿನವರಿಗೆಲ್ಲ ಕೇಳಿಸುವಂತೆ. "ತುಮ್ಕೂರಲ್ಲಿ ಲೆಕ್ಚರರು. ಬಾಳ ಒಳ್ಳೇರು. ಆದ್ರೆ ಒಂದು, ಮನೆ ಮುಂದೆ ಇಳಿಜಾರಿದ್ರೆ ಮಾತ್ರ ನೆಂಟಸ್ತನ ಇಟ್ಕತಾರೆ."

ಆಮೇಲೆ ಇಡೀ ಕತೆಯನ್ನು ಹೇಳಿದ. ಡೈನಮೋ ಎಷ್ಟು ಭಾರವಿತ್ತು ಎಂಬುದನ್ನು ಕೈಯಲ್ಲಿ ತೂಗಿ ತೋರಿಸಿದ. ಶಾಮಿಯಾನದ ಕೆಳಗೆ ಒಬ್ಬರೂ ನಗದೆ ಉಳಿಯಲಿಲ್ಲ, ಅಣ್ಣನೊಬ್ಬರನ್ನು ಬಿಟ್ಟು. ಅವರು ಎಲೆ ಅಡಿಕೆ ಮಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಅಂದ್ರೆ," ಎಂದರು ನಿಧಾನಕ್ಕೆ, "ನಮ್ಮನೆಗೆ ಬರ್ತಿದ್ದಿದ್ದು ಇಳಿಜಾರಿಗೋ?"

ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ನಿಮ್ಮ ಮನೆಯ ಕಾಫಿ, ನಿಮ್ಮ ವಿಶ್ವಾಸ ಎಂದೆಲ್ಲ ತೊದಲಿದೆ. ಹೆಂಗಸರ ಸಾಲಿನಿಂದ ನನ್ನ ಹೆಂಡತಿಯ ನಗು ಎಲ್ಲರಿಗಿಂತ ಜೋರಾಗಿ ಕೇಳಿಸುತ್ತಿತ್ತು.

"ನಾನೂ ಏನೋ ದೊಡ್ಡದಾಗಿ ಅನ್ಕಂಡಿದ್ದೆ ಬುಡಿ," ಎಂದು ಅಣ್ಣ ಮುಖ ತಿರುಗಿಸಿದರು. ತಿರುಗಿಸಿದವರು ಮಡಿಸಿದ್ದ ಎಲೆ ಅಡಿಕೆಯನ್ನು ಹಾಗೇ ನನ್ನ ಕಡೆ ಚಾಚಿದರು. ತೆಗೆದುಕೊಂಡೆ. ಅದು ಕ್ಷಮೆಯೋ ಅಲ್ಲವೋ ನನಗೆ ಈಗಲೂ ಅನುಮಾನ.

ಗಂಡಿನ ದೊಡ್ಡಪ್ಪ ಮುಂದಕ್ಕೆ ಬಾಗಿ, ಬಹಳ ಗಂಭೀರವಾಗಿ, "ಬೀಗ್ರೇ, ನಮ್ಮನೆ ಮುಂದೆ ಕಣ ಐತೆ, ಸಪಾಟು. ಮದ್ವೆ ಆದ್ಮೇಲೆ ಹುಡುಗೀನ ನೋಡಕ್ಕೆ ಬರ್ತೀರೋ ಇಲ್ವೋ, ಈಗ್ಲೇ ಹೇಳ್ಬುಡಿ" ಎಂದರು.

"ಬರ್ತೀನಿ" ಎಂದೆ.

"ಗಟ್ಟಿಯಾಗಿ ಹೇಳಿ ಭಾವ, ಅವ್ರಿಗೆ ಕೇಳ್ಬೇಕು" ಎಂದ ತಮ್ಮ.

ಗಟ್ಟಿಯಾಗಿ ಹೇಳಿದೆ. ಆಮೇಲೆ ತಾಂಬೂಲದ ತಟ್ಟೆ ಬಂತು. ಹೆಣ್ಣಿನ ಕಡೆಯಿಂದ ಯಾರು ಹಿಡಿಯಬೇಕೆಂದು ಪುರೋಹಿತರು ಕೇಳಿದಾಗ ತಮ್ಮ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿಯನ್ನು ನನ್ನ ಕಡೆ ತಳ್ಳಿದ. ಹಿಡಿದುಕೊಂಡೆ. ತೆಂಗಿನಕಾಯಿ ಉರುಳದ ಹಾಗೆ ಅದನ್ನು ಸಮವಾಗಿ ಹಿಡಿಯುವುದರಲ್ಲೇ ನನ್ನ ಗಮನವೆಲ್ಲ ಇತ್ತು. ಕಿವಿಗಳು ಮಾತ್ರ ನಾಚಿಕೆಗೆ ಇನ್ನೂ ಬಿಸಿಯಾಗೇ ಇದ್ದವು.